ಗಣಿತದ ಉತ್ತರಕ್ಕೆ ಸಂದರ್ಭನಿರ್ಣಯ

ಶಬ್ದದ ಅರ್ಥವನ್ನು ಗೊತ್ತುಮಾಡುವುದಕ್ಕೆ ಪ್ರಕರಣವು ಒಂದು ಸಾಧನವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ‘ಸೈಂಧವವನ್ನು ತಾ’ ಎಂದು ಒಡೆಯನು ಹೇಳಿದಾಗ, ಅವನು ಊಟಕ್ಕೆ ಕುಳಿತಿದ್ದರೆ ಆಳು ಉಪ್ಪನ್ನು ತರುತ್ತಾನೆ. ಪಯಣಕ್ಕೆ ಸಿದ್ಧನಾಗಿ ನಿಂತಿದ್ದರೆ ಕುದುರೆಯನ್ನು ತರುತ್ತಾನೆ. ಸಿಂಧುದೇಶದಿಂದ ಬಂದ ಎರಡು ವಸ್ತುಗಳಿಗೂ ಒಂದೇ ಹೆಸರು. ಹೀಗೆ ಅನೇಕಾರ್ಥವುಳ್ಳ ಶಬ್ದಕ್ಕೆ ಒಂದೇ ಅರ್ಥವನ್ನು ನಿಲ್ಲಿಸುವ ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಲಿಂಗ ಮೊದಲಾದ ಕಾರಣಗಳನ್ನು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಎಣಿಸಿರುವನು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಅವನ್ನು ಎತ್ತಿಕೊಂಡಿರುವನು.

ಗಣಿತದ ಭಾಷೆಗೆ ಈ ತೊಡಕು ಇಲ್ಲವೆಂದು ಸಾಹಿತ್ಯದವರಾದ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಲ್ಲಿ ಒಂದು ಚಿಹ್ನೆಗೆ ಒಂದೇ ಅರ್ಥ, ಒಂದು ಪ್ರಶ್ನೆಗೆ ಒಂದೇ ಉತ್ತರ, ಉತ್ತರಪತ್ರಿಕೆಯನ್ನು ತಿದ್ದುವವನಿಗೆ ಹೆಚ್ಚಿನ ವಿವೇಚನೆಯೇನೂ ಬೇಕಿಲ್ಲ, ಎಂದು. ಈ ನಂಬಿಕೆಯು ಎಷ್ಟು ಸಡಿಲವಾದುದೆಂಬುದು ಕಳೆದ ಮೂವತ್ತು ವರ್ಷಗಳಿಂದೀಚೆಗೆ ಒಂದು ಅನಿರೀಕ್ಷಿತವಾದ ಕಡೆಯಿಂದ ಬಯಲಾಗಿದೆ. ವಿದ್ಯಾರ್ಥಿಗಳು ಮನೆಯಲ್ಲಿ ಮಾಡಬೇಕಾದ ಲೆಕ್ಕಗಳನ್ನು ಅಂತರ್ಜಾಲದ ಮೂಲಕ ಅವರಿಗೆ ಒದಗಿಸಿ, ಅವರು ಬರೆದ ಉತ್ತರವನ್ನು ಕಂಪ್ಯೂಟರಿನಿಂದಲೇ ಪರೀಕ್ಷಿಸುವ ತಂತ್ರಾಂಶಗಳು ಈಗ ಅನೇಕ ದೇಶಗಳ ವಿದ್ಯಾಪೀಠಗಳಲ್ಲಿ ಬಳಕೆಯಲ್ಲಿವೆ. ಕಥೆಯ ಆಳಿಗೆ ಒಡೆಯನ ಮುಂದೆ ಎಲೆ ಹಾಸಿದೆಯೋ, ಅವನ ಕಾಲಿಗೆ ಪಾದರಕ್ಷೆಯಿದೆಯೋ, ಎಂಬುದು ಕಣ್ಣಿಗೆ ಕಾಣುತ್ತಿದ್ದಿತು. ಯಂತ್ರಕ್ಕೆ ಅದು ಕಾಣದು. ಆದುದರಿಂದ ಈಗ ಬರಲಿರುವ ಮಾತು ಊಟದ ಮಾತೋ ಪಯಣದ ಮಾತೋ ಎಂಬುದನ್ನು ಪ್ರಶ್ನೆಯನ್ನು ರಚಿಸಿದವನೇ ಮುಂದಾಗಿ ಅದಕ್ಕೆ ಹೇಳಿಟ್ಟಿರಬೇಕು. ಹಾಗೆ ಹೇಳಿಡುವುದನ್ನೇ ಈ ಶಾಸ್ತ್ರದವರು ‘ಸಂದರ್ಭವನ್ನು ಆರಿಸುವುದು’ ಎಂದು ಕರೆಯುತ್ತಾರೆ. ಈ ಆಯ್ಕೆಯು ಹೇಗೆ ನಡೆಯುತ್ತದೆ, ಅದು ತಪ್ಪಿದರೆ ಯಾರಿಗೆ ಏನು ಹಾನಿ, ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇಂಥ ತಂತ್ರಾಂಶಗಳು ಹಲವು ಇವೆ. ಅವುಗಳಲ್ಲಿ ಸಂದರ್ಭವೆಂಬ ಕಲ್ಪನೆಯನ್ನು ಆ ಹೆಸರಿನಿಂದಲೇ ವಿಸ್ತಾರವಾಗಿ ಬೆಳೆಸಿರುವುದು ವೆಬ್‌ವರ್ಕ್ ಎಂಬುದು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿರುವ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಗಣಿತಾಧ್ಯಾಪಕರಾದ ಮೈಕೇಲ್ ಗೇಜ್, ಆರ್ನಲ್ಡ್ ಪೈಜ಼ರ್ ಎಂಬಿಬ್ಬರು ಅದನ್ನು ನಿರ್ಮಿಸಿ 1996ರಲ್ಲಿ ತಮ್ಮ ತರಗತಿಗಳಲ್ಲಿ ಬಳಕೆಗೆ ತಂದರು. ಮೊದಮೊದಲು ಸಂಖ್ಯೆಗೊಂದು, ಫಲನಕ್ಕೊಂದು, ಹೀಗೆ ಬೇರೆಬೇರೆ ಉತ್ತರಕ್ಕೆ ಬೇರೆಬೇರೆ ಪರೀಕ್ಷಾವಿಧಾನಗಳಿದ್ದವು. ಅನಂತರ ಅದೇ ಸಂಸ್ಥಾನದ ಯೂನಿಯನ್ ಕಾಲೇಜಿನ ಡೇವಿಡ್ ಸರ್ವೋನ್ ಅವರು, ವಿದ್ಯಾರ್ಥಿ ಬರೆದ ಸಾಲನ್ನು ಪದಚ್ಛೇದಮಾಡಿ ಅದರಿಂದ ‘ಗಣಿತವಸ್ತು’ವೊಂದನ್ನು ಕಟ್ಟುವ ಹೊಸ ವ್ಯವಸ್ಥೆಯನ್ನು ರಚಿಸಿದರು. ಸಂದರ್ಭಗಳು ಈ ವ್ಯವಸ್ಥೆಗೆ ಸೇರಿದವು. ತಂತ್ರಾಂಶದ ಒಡಲು ಪರ್ಲ್ ಎಂಬ ಭಾಷೆಯಲ್ಲಿದೆ; ಆ ಭಾಷೆಯನ್ನು ರಚಿಸಿದ ಲ್ಯಾರಿ ವಾಲ್ ಅವರು ಭಾಷಾಶಾಸ್ತ್ರವನ್ನು ಅಭ್ಯಾಸಮಾಡಿದವರು. ಒಂದೇ ಪದವು ನಿಂತ ಎಡೆಗೆ ತಕ್ಕಂತೆ ಒಂದನ್ನೋ ಹಲವನ್ನೋ ಸೂಚಿಸುವ ಪದ್ಧತಿ ಪರ್ಲಿನಲ್ಲಿಯೇ ಇರುವುದು ಇಲ್ಲಿ ಸ್ಮರಣಾರ್ಹವಾಗಿದೆ.

ಈಗ ಒಂದು ಉದಾಹರಣೆಯಿಂದ ಮೊದಲುಮಾಡೋಣ. ದುಂಡು ಆವರಣದೊಳಗೆ ಎರಡು ಅಂಕಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ (1, 2) ಎಂದು ವಿದ್ಯಾರ್ಥಿಯು ಬರೆದನೆಂದು ಇಟ್ಟುಕೊಳ್ಳಿ. ಇದರ ಅರ್ಥವೇನು? ರೇಖಾಗಣಿತದ ಪಾಠದಲ್ಲಿ ಇದು ಮೂಲಬಿಂದುವಿನಿಂದ ಬಲಕ್ಕೆ ಒಂದು, ಮೇಲಕ್ಕೆ ಎರಡು ಮಾನಗಳಷ್ಟು ದೂರದಲ್ಲಿರುವ ಒಂದು ಬಿಂದು. ಕಲನಶಾಸ್ತ್ರದ ಪಾಠದಲ್ಲಿ ಇದು ಒಂದಕ್ಕೂ ಎರಡಕ್ಕೂ ನಡುವೆ, ಆ ಎರಡು ತುದಿಗಳನ್ನು ಬಿಟ್ಟು, ಇರುವ ಎಲ್ಲ ಸಂಖ್ಯೆಗಳ ಹರವು, ಇದನ್ನು ಅಂತರಾಳವೆನ್ನುತ್ತಾರೆ. ಸಂಖ್ಯಾಶಾಸ್ತ್ರದ ಗ್ರಂಥಗಳಲ್ಲಿ ಇದೇ ಬರಹವು ಆ ಎರಡು ಅಂಕಗಳ ಮಹತ್ತಮ ಸಾಧಾರಣ ಭಾಜಕವನ್ನು, ಎಂದರೆ ಇಲ್ಲಿ ಒಂದನ್ನು, ಹೇಳುತ್ತದೆ. ಒಂದು ಚುಕ್ಕೆ, ಲೆಕ್ಕವಿಲ್ಲದಷ್ಟು ಸಂಖ್ಯೆಗಳ ಸಮೂಹ, ಒಂದು ಪೂರ್ಣಾಂಕ: ಈ ಮೂರಕ್ಕೂ ಬರಹದಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲ. ಅಧ್ಯಾಪಕನು ಓದುವಾಗ ಯಾವ ಪಾಠ ನಡೆಯುತ್ತಿದೆಯೆಂಬ ಅರಿವು ಅವನೊಳಗೆ ಇರುವುದರಿಂದ ಸಂಶಯವೇ ಹುಟ್ಟುವುದಿಲ್ಲ. ವೆಬ್‌ವರ್ಕಿನಲ್ಲಾದರೋ ‘ಬಿಂದು’ ಎಂಬ ಸಂದರ್ಭವನ್ನು ಆರಿಸಿದರೆ ಈ ಬರಹವು ಬಿಂದುವಾಗುತ್ತದೆ; ‘ಅಂತರಾಳ’ ಎಂಬ ಸಂದರ್ಭವನ್ನು ಆರಿಸಿದರೆ ಅಂತರಾಳವಾಗುತ್ತದೆ.

ಇನ್ನೊಂದು ಉದಾಹರಣೆ ರೋಮನ್ ಲಿಪಿಯ ‘ಐ’ ಎಂಬ ಅಕ್ಷರದ್ದು. ‘ಸಂಕೀರ್ಣ ಸಂಖ್ಯೆ’ ಎಂಬ ಸಂದರ್ಭದಲ್ಲಿ ಅದು −1ರ ವರ್ಗಮೂಲ. ‘ಸದಿಶ’ ಎಂಬ ಸಂದರ್ಭದಲ್ಲಿ ಅದು ಮೊದಲನೆಯ ಅಕ್ಷದ ದಿಕ್ಕಿಗೆ ಚಾಚಿರುವ, ಒಂದು ಮಾನದಷ್ಟು ಉದ್ದದ ಬಾಣ. ‘ಸಾಂಖ್ಯಿಕ’ವೆಂಬ ಸಾಮಾನ್ಯ ಸಂದರ್ಭದಲ್ಲಿ ಅದಕ್ಕೆ ಅರ್ಥವೇ ಇಲ್ಲ. ಅಲ್ಲಿ ಯಾರಾದರೂ ಅದನ್ನು ಬರೆದರೆ, ಈ ಚರವು ಈ ಸಂದರ್ಭದಲ್ಲಿ ನಿರ್ದೇಶಿತವಾಗಿಲ್ಲ ಎಂಬ ತಾತ್ಪರ್ಯದ ಎಚ್ಚರಿಕೆಯೊಂದು ಇಂಗ್ಲಿಷಿನಲ್ಲಿ ತೆರೆಯಮೇಲೆ ಕಾಣಿಸಿಕೊಳ್ಳುತ್ತದೆ. ‘ಸಂದರ್ಭ’ವೆಂಬ ಮಾತು ಆ ಎಚ್ಚರಿಕೆಯಲ್ಲಿಯೇ ಇರುವುದು ಸ್ವಾರಸ್ಯವಾಗಿದೆ. ವಿದ್ಯಾರ್ಥಿಗೆ ಅದು ಬರಿಯ ಬಳಕೆಯ ಮಾತು. ಪ್ರಶ್ನೆಯನ್ನು ರಚಿಸಿದವನಿಗೆ ಅದು ಪಾರಿಭಾಷಿಕ ಪದ. ತಾನೊಂದು ಸಂದರ್ಭದೊಳಗೆ ಕುಳಿತು ಬರೆಯುತ್ತಿದ್ದೇನೆಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದುಬರುವುದು ಅದರ ಗೋಡೆಗೆ ಹೀಗೆ ತಲೆ ತಾಕಿದಾಗಲೇ.

ಸಂದರ್ಭವೆಂದರೆ ಬರಿಯ ಶಬ್ದಕೋಶವೆಂದು ಇದರಿಂದ ಭಾವಿಸಬಾರದು. ಅದರಲ್ಲಿ ಮೂರು ಅಂಗಗಳನ್ನು ಬೇರ್ಪಡಿಸಿ ನೋಡಬಹುದು. ಮೊದಲನೆಯದು ಕೋಶ: ಯಾವ ಅಕ್ಷರಗಳು ಚರಗಳು, ಯಾವುವು ಸ್ಥಿರಗಳು, ಯಾವ ಫಲನಗಳ ಹೆಸರುಗಳು ಸಲ್ಲುತ್ತವೆ, ಯಾವ ಆವರಣಕ್ಕೆ ಏನರ್ಥ, ಎಂಬುದರ ಪಟ್ಟಿ. ಎರಡನೆಯದು ವ್ಯಾಕರಣ: ಯಾವ ಕ್ರಿಯೆಯನ್ನು ಮೊದಲು ಮಾಡಬೇಕು, ಯಾವುದನ್ನು ಅನಂತರ, ಎಂಬುದು. ಮೂರನೆಯದನ್ನು ತೀರ್ಪಿನ ನಿಯಮಗಳೆಂದು ಕರೆಯಬಹುದು: ಎರಡು ಉತ್ತರಗಳು ಎಷ್ಟು ಹತ್ತಿರವಿದ್ದರೆ ಒಂದೇ ಎಂದು ಎಣಿಸಬೇಕು, ಯಾವ ರೂಪವನ್ನು ಒಪ್ಪಬೇಕು, ತಪ್ಪಿದವನಿಗೆ ಏನನ್ನು ಹೇಳಬೇಕು, ಏನನ್ನು ಹೇಳಕೂಡದು. ಈ ವಿಭಾಗ ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡದ್ದು. ತಂತ್ರಾಂಶದ ಕೈಪಿಡಿಗಳಲ್ಲಿ ಇದು ಹೀಗಿಲ್ಲ.

ವ್ಯಾಕರಣದ ವಿಚಾರವನ್ನು ತುಸು ನೋಡೋಣ. ಅವ್ಯಕ್ತರಾಶಿಯನ್ನು ನಮ್ಮ ಬೀಜಗಣಿತದವರ ‘ಯಾವತ್ತಾವತ್’ ಎಂಬುದರ ಮೊದಲಕ್ಷರದಿಂದ ‘ಯ’ ಎಂದು ಬರೆಯೋಣ. 1/2ಯ ಎಂಬುದಕ್ಕೆ ಏನರ್ಥ? ಅರ್ಧದಷ್ಟು ಯ ಎಂದು ಒಬ್ಬನು ಓದಬಹುದು. ಎರಡು ಯಗಳಿಂದ ಒಂದನ್ನು ಭಾಗಿಸಿದುದು ಎಂದು ಇನ್ನೊಬ್ಬನು ಓದಬಹುದು. ಯ ಎಂಬುದು 3 ಆಗಿದ್ದರೆ ಮೊದಲನೆಯವನಿಗೆ ಒಂದೂವರೆ ಬರುತ್ತದೆ, ಎರಡನೆಯವನಿಗೆ ಆರರಲ್ಲೊಂದು ಪಾಲು. ಕಾಗದದ ಮೇಲೆ ಅಡ್ಡಗೆರೆಯನ್ನೆಳೆದು ಬರೆದಾಗ ಈ ಸಂಶಯ ಏಳುವುದಿಲ್ಲ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಒತ್ತಬೇಕಾದ ಕೀಲಿಮಣೆಯಲ್ಲಿ ಏಳುತ್ತದೆ. ವೆಬ್‌ವರ್ಕಿನಲ್ಲಿ ರೂಢಿಯ ಕ್ರಮವು ಮೊದಲನೆಯ ಅರ್ಥವನ್ನೇ ಹಿಡಿಯುತ್ತದೆ. ಬೇಕಾದರೆ, ಚಿಹ್ನೆಯಿಲ್ಲದ ಗುಣಾಕಾರವು ಭಾಗಾಕಾರಕ್ಕಿಂತ ಬಿಗಿಯಾದುದೆಂಬ ಬೇರೊಂದು ಕ್ರಮವನ್ನು ರಚನಕಾರನು ಆರಿಸಿಕೊಳ್ಳಬಹುದು. −3² ಎಂಬುದು ಅಲ್ಲಿ −9. ಎಕ್ಸೆಲ್ ಎಂಬ, ಲೆಕ್ಕಪತ್ರಗಳಿಗೆ ಬಳಸುವ ತಂತ್ರಾಂಶದ ಚೌಕದಲ್ಲಿ ಅದನ್ನೇ ಸೂತ್ರವಾಗಿ ಬರೆದರೆ 9 ಬರುತ್ತದೆ. ಹಗಲಲ್ಲಿ ಒಂದರ ಮುಂದೆ ಕುಳಿತು ರಾತ್ರಿ ಇನ್ನೊಂದರ ಮುಂದೆ ಕುಳಿತುಕೊಳ್ಳುವ ವಿದ್ಯಾರ್ಥಿಯ ಪಾಡು ಏನಾಗಬೇಡ!

ಶಾಸನಗಳ ಕಾಲವನ್ನು ನಿರ್ಣಯಿಸಿದವರಿಗೆ ಈ ಬಗೆಯ ತೊಡಕು ಪರಿಚಿತವಾದುದೇ. ‘ಬಾಣ’ವೆಂಬುದು ವರ್ಣನೆಯ ಪದ್ಯದಲ್ಲಿ ಅಂಬು, ಕಾಲಸೂಚಕವಾದ ಪದ್ಯದಲ್ಲಿ ಐದು. ಅಲ್ಲಿಯೂ ಕೋಶವೊಂದೇ ಸಾಲದು. ಅಂಕಗಳನ್ನು ಹಿಂದುಮುಂದಾಗಿ, ಮೊದಲ ಪದವನ್ನು ಏಕಸ್ಥಾನದಲ್ಲಿಟ್ಟು ಓದಬೇಕೆಂಬ ನಿಯಮವೂ ಬೇಕು. ‘ವೇದ, ಬಾಣ’ ಎಂದಿದ್ದರೆ ಅದು 54. ಆ ನಿಯಮವನ್ನರಿಯದವನು 45 ಎಂದು ಓದಿ ಅರಸನನ್ನು ಒಂಬತ್ತು ವರ್ಷ ಹಿಂದಕ್ಕೆ ತಳ್ಳಿಬಿಟ್ಟಾನು.

ಇದು ಹಾಗಿರಲಿ. ಎಲ್ಲಕ್ಕಿಂತ ಹೆಚ್ಚಾಗಿ ಆಲೋಚಿಸಬೇಕಾದುದು ತೀರ್ಪಿನ ನಿಯಮಗಳನ್ನು. ಕಂಪ್ಯೂಟರು ದಶಮಾಂಶಗಳಲ್ಲಿ ಎಣಿಸುವುದರಿಂದ ಎರಡು ಉತ್ತರಗಳು ಕಟ್ಟಕಡೆಯ ಅಂಕದವರೆಗೂ ಹೊಂದಬೇಕೆಂದು ಹಟಹಿಡಿದರೆ ಯಾವ ವಿದ್ಯಾರ್ಥಿಯೂ ಉತ್ತೀರ್ಣನಾಗಲಾರನು. ಆದಕಾರಣ ಸ್ವಲ್ಪ ವ್ಯತ್ಯಾಸವನ್ನು ಸೈರಿಸುವ ಮಿತಿಯೊಂದು ಪ್ರತಿಯೊಂದು ಸಂದರ್ಭಕ್ಕೂ ಇರುತ್ತದೆ. ಬೇರೆ ಏನನ್ನೂ ಹೇಳದಿದ್ದರೆ ವೆಬ್‌ವರ್ಕಿನ ಮಿತಿ ಸರಿಯಾದ ಉತ್ತರದ ಸಾವಿರದಲ್ಲೊಂದು ಪಾಲು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು, ಎಂದರೆ ‘ಪೈ’ಯನ್ನು, ಕೇಳುವ ಪ್ರಶ್ನೆಯೊಂದನ್ನು ಈ ಮಿತಿಯಲ್ಲಿ ಇಟ್ಟು ನಮ್ಮ ಹಿಂದಿನವರನ್ನು ಪರೀಕ್ಷೆಗೆ ಕೂರಿಸಿದರೆ ವಿನೋದವಾಗಿರುತ್ತದೆ. ಆರ್ಯಭಟನು 20000 ವ್ಯಾಸಕ್ಕೆ 62832 ಪರಿಧಿಯೆಂದು ಹೇಳಿ, ಇದು ಆಸನ್ನಮಾನವೆಂದೂ ಸೂಚಿಸಿದನು, ಅದು 3.1416 ಆಗುವುದರಿಂದ ಅವನು ನಿರಾಯಾಸವಾಗಿ ತೇರ್ಗಡೆಯಾಗುತ್ತಾನೆ. ಶಾಲೆಯ ಮಕ್ಕಳ 22/7 ಎಂಬುದು ನಿಜವಾದ ಬೆಲೆಗಿಂತ ಹತ್ತು ಸಾವಿರದಲ್ಲಿ ನಾಲ್ಕು ಪಾಲಿನಷ್ಟು ಹೆಚ್ಚು, ಅದಕ್ಕೂ ಪೂರ್ಣಾಂಕ. 3.14 ಎಂಬುದು ಹತ್ತು ಸಾವಿರದಲ್ಲಿ ಐದು ಪಾಲಿನಷ್ಟು ಕಡಮೆ, ಅದೂ ಸಲ್ಲುತ್ತದೆ. ನಮ್ಮ ನಾಡಿನ ಮಹಾವೀರಾಚಾರ್ಯನು ಸೂಕ್ಷ್ಮಗಣಿತಕ್ಕೆಂದು ಇಟ್ಟುಕೊಂಡ ಹತ್ತರ ವರ್ಗಮೂಲವು 3.1623ರಷ್ಟಾಗುತ್ತದೆ. ವ್ಯತ್ಯಾಸ ಸಾವಿರದಲ್ಲಿ ಆರು ಪಾಲಿಗಿಂತಲೂ ಹೆಚ್ಚು. ಆತನಿಗೆ ಸೊನ್ನೆ.

ವಿನೋದವನ್ನು ಬಿಟ್ಟು ನೋಡಿದರೆ, ಇಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. 22/7 ಎಂಬುದಕ್ಕೆ ಅಂಕ ಕೊಡುವುದು ಸರಿಯೆ? ಒಂದು ಗಾಲಿಯ ಸುತ್ತಳತೆಯನ್ನು ಕೇಳಿದ ಪ್ರಶ್ನೆಯಲ್ಲಿ ಸರಿ. ‘ಪೈ’ಯು ಭಿನ್ನರಾಶಿಯಲ್ಲವೆಂಬುದನ್ನು ಬೋಧಿಸಿದ ಪಾಠದ ಮರುದಿನ ಕೇಳಿದ ಪ್ರಶ್ನೆಯಲ್ಲಿ ಅದು ಪಾಠವನ್ನೇ ಅಳಿಸಿಹಾಕುತ್ತದೆ. ಮಿತಿಯನ್ನು ರಚನಕಾರನು ಬದಲಾಯಿಸಬಹುದು. ಆದರೆ ಮಿತಿಯೊಂದು ಇದೆಯೆಂಬುದೇ ಅವನ ಮನಸ್ಸಿಗೆ ಬರದಿದ್ದರೆ ಬದಲಾಯಿಸುವ ಮಾತೆಲ್ಲಿಯದು?

ಉತ್ತರವು ಸಂಖ್ಯೆಯಾಗಿರದೆ ಫಲನವಾಗಿದ್ದಾಗ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. (ಯ+1)² ಎಂಬುದೂ ಯ²+2ಯ+1 ಎಂಬುದೂ ಒಂದೇ ಎಂದು ತಿಳಿಯುವುದಕ್ಕೆ ಯಂತ್ರವು ಬೀಜಗಣಿತದ ಮೆಟ್ಟಿಲುಗಳನ್ನು ಹತ್ತಿಳಿಯುವುದಿಲ್ಲ. ಯ ಎಂಬುದಕ್ಕೆ ಕೆಲವು ಬೆಲೆಗಳನ್ನು ಯಾದೃಚ್ಛಿಕವಾಗಿ ಆರಿಸಿ, ಎರಡು ಫಲನಗಳಲ್ಲಿಯೂ ಅವನ್ನು ತುಂಬಿ, ಫಲಗಳು ಹೊಂದುತ್ತವೆಯೇ ಎಂದು ನೋಡುತ್ತದೆ. ರೂಢಿಯಂತೆ ಅದು ಪರೀಕ್ಷಿಸುವ ಬೆಲೆಗಳು ಐದು. ಅವನ್ನು ಆರಿಸುವ ಹರವು −2ರಿಂದ 2ರವರೆಗೆ. ಬಹುಮಟ್ಟಿಗೆ ಇದು ಸಾಕಾಗುತ್ತದೆ. ಆದರೆ ಸರಿಯಾದ ಉತ್ತರವು √(ಯ−10) ಎಂದಿರಲಿ. ಯ ಎಂಬುದು ಹತ್ತಕ್ಕಿಂತ ಕಡಮೆಯಿರುವ ಕಡೆ ಈ ಫಲನಕ್ಕೆ ವಾಸ್ತವವಾದ ಬೆಲೆಯೇ ಇಲ್ಲ. ಯಂತ್ರವಾದರೋ −2ಕ್ಕೂ 2ಕ್ಕೂ ನಡುವೆಯೇ ತಡಕುತ್ತಿರುತ್ತದೆ. ಹೋಲಿಸುವುದಕ್ಕೆ ಸಾಕಾದಷ್ಟು ಬಿಂದುಗಳು ದೊರೆಯಲಿಲ್ಲವೆಂದು ಅದು ಕೈಚೆಲ್ಲುತ್ತದೆ. ಈ ತಪ್ಪು ಕಣ್ಣಿಗೆ ಬೀಳುವುದರಿಂದ ಅಷ್ಟು ಅಪಾಯಕರವಲ್ಲ. ಕಣ್ಣಿಗೆ ಬೀಳದಿರುವುದೂ ಒಂದಿದೆ. √(ಯ²) ಎಂಬುದು ಯ ಅಲ್ಲ. ಯ ಋಣವಾಗಿರುವಾಗ ಅವೆರಡೂ ಒಂದಕ್ಕೊಂದು ವಿರುದ್ಧವಾಗುತ್ತವೆ. ಈ ಭೇದವನ್ನು ಕಲಿಸುವುದಕ್ಕೆಂದೇ ಕೇಳಿದ ಪ್ರಶ್ನೆಯಲ್ಲಿ ರಚನಕಾರನು ಬೇರಾವುದೋ ಕಾರಣಕ್ಕಾಗಿ ಹರವನ್ನು 1ರಿಂದ 5ರವರೆಗೆ ಇಟ್ಟಿದ್ದರೆ, ಯ ಎಂದು ತಪ್ಪಾಗಿ ಬರೆದ ಪ್ರತಿಯೊಬ್ಬನಿಗೂ ಸರಿಯೆಂಬ ತೀರ್ಪು ದೊರೆಯುತ್ತದೆ. ಹರವನ್ನು ಮುಟ್ಟದೆಯೇ ಬಿಟ್ಟರೂ, ಆಯ್ದ ಐದು ಬೆಲೆಗಳೂ ಧನವಾಗಿಯೇ ಬೀಳುವ ಸಂಭವ 32ರಲ್ಲಿ ಒಂದು ಉಂಟು. ತಪ್ಪಿಗೆ ದೊರೆತ ಪೂರ್ಣಾಂಕದ ವಿಷಯವಾಗಿ ಯಾವ ವಿದ್ಯಾರ್ಥಿಯೂ ದೂರು ಹೇಳಿಕೊಂಡು ಬರುವುದಿಲ್ಲ. ಆದುದರಿಂದ ಇಂಥ ದೋಷಗಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ.

ಬೆಲೆಯೊಂದಿಗೆ ರೂಪವನ್ನೂ ಕೇಳುವ ಪ್ರಶ್ನೆಗಳು ಸಾಮಾನ್ಯ ಸಂದರ್ಭದ ಕೊರತೆಯನ್ನು ಚೆನ್ನಾಗಿ ತೋರಿಸುತ್ತವೆ. ‘(ಯ+1)² ಎಂಬುದನ್ನು ವಿಸ್ತರಿಸಿ ಬರೆಯಿರಿ’ ಎಂದು ಕೇಳಿದಾಗ, ಪ್ರಶ್ನೆಯಲ್ಲಿದ್ದುದನ್ನೇ ಉತ್ತರದ ಜಾಗದಲ್ಲಿ ನಕಲುಮಾಡಿದ ವಿದ್ಯಾರ್ಥಿಗೂ ಸಾಂಖ್ಯಿಕ ಸಂದರ್ಭವು ಪೂರ್ಣಾಂಕವನ್ನು ಕೊಡುತ್ತದೆ. ಬೆಲೆಗಳು ಹೊಂದಿದವಲ್ಲ! 6+4 ಎಷ್ಟೆಂಬ ಪ್ರಶ್ನೆಗೆ 6+4 ಎಂದೇ ಬರೆದರೂ ಹಾಗೆಯೇ. ಅನ್ವಯವನ್ನು ಕೇಳಿದರೆ ಪದ್ಯವನ್ನೇ ಒಪ್ಪಿಸುವ ಹುಡುಗರನ್ನು ಕಂಡ ಸಾಹಿತ್ಯಾಧ್ಯಾಪಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದಕ್ಕಾಗಿ ಕೆಲವು ಇಕ್ಕಟ್ಟಾದ ಸಂದರ್ಭಗಳು ರಚಿತವಾಗಿವೆ. ಒಂದರಲ್ಲಿ ಕ್ರಿಯಾಚಿಹ್ನೆಗಳಿಗೆ ಎಡೆಯಿಲ್ಲ, ಬಿಡಿಸಿದ ಸಂಖ್ಯೆಯನ್ನೇ ಬರೆಯಬೇಕು. ಇನ್ನೊಂದು ವಿಸ್ತರಿಸಿದ ಬಹುಪದಿಯನ್ನು ಮಾತ್ರ ಒಪ್ಪುತ್ತದೆ. ಮತ್ತೊಂದು ಅಪವರ್ತನಗೊಂಡ ರೂಪವನ್ನು. ಭಿನ್ನರಾಶಿಯ ಸಂದರ್ಭದಲ್ಲಿ 2/4 ಎಂಬುದನ್ನು ಸಂಕ್ಷೇಪಿಸಲೇಬೇಕೆಂದು ಕಟ್ಟುಮಾಡಬಹುದು, ಮಾಡದೆಯೂ ಇರಬಹುದು.

ಹಾಗಾದರೆ ಯಾವಾಗಲೂ ಇಕ್ಕಟ್ಟಾದ ಸಂದರ್ಭವನ್ನೇ ಆರಿಸಿಕೊಂಡರೆ ಆಗದೆ? ಆಗದು. ಎರಡಕ್ಕಿಂತ ದೊಡ್ಡದಾದ ಎಲ್ಲ ಸಂಖ್ಯೆಗಳೂ ಉತ್ತರವಾಗಿರುವ ಪ್ರಶ್ನೆಯೊಂದಿದೆಯೆನ್ನೋಣ. ಒಬ್ಬ ವಿದ್ಯಾರ್ಥಿ ಯ > 2 ಎಂದು ಬರೆಯುತ್ತಾನೆ. ಇನ್ನೊಬ್ಬನು 2ರಿಂದ ಅನಂತದವರೆಗಿನ ಅಂತರಾಳವನ್ನು ಬರೆಯುತ್ತಾನೆ. ಇಬ್ಬರೂ ವಿಷಯವನ್ನು ಬಲ್ಲವರೇ. ಅಂತರಾಳದ ಸಂದರ್ಭವು ಮೊದಲನೆಯವನ ಬರಹವನ್ನು ಓದಲಾರದೆ ಹಿಂದಿರುಗಿಸುತ್ತದೆ. ಇದಕ್ಕಾಗಿ ‘ಅಸಮತೆ’ ಎಂಬ ಸಂದರ್ಭವೊಂದಿದೆ; ಅದು ಎರಡು ಬರಹಗಳನ್ನೂ ಒಪ್ಪುತ್ತದೆ. ಅಸಮತೆಯ ಬರಹವನ್ನು ಮಾತ್ರ ಒಪ್ಪುವ ಅದರ ತಮ್ಮನೂ ಇದ್ದಾನೆ. ಪರೀಕ್ಷಿಸಬೇಕಾದುದು ಹುಡುಗನು ಅಸಮೀಕರಣವನ್ನು ಬಿಡಿಸಬಲ್ಲನೇ ಎಂಬುದಾಗಿದ್ದರೆ ಅಣ್ಣನನ್ನು ಕರೆಯಬೇಕು. ಬರವಣಿಗೆಯ ಆ ಕ್ರಮವನ್ನು ಅವನು ಕಲಿತಿದ್ದಾನೆಯೇ ಎಂಬುದಾಗಿದ್ದರೆ ತಮ್ಮನನ್ನು. ನಮಗೆ ತೋರುವ ಮಟ್ಟಿಗೆ, ಸಂದರ್ಭವನ್ನು ಆರಿಸುವವನು ತನ್ನ ಮನಸ್ಸಿನಲ್ಲಿರುವ ಉತ್ತರದ ಆಕಾರವನ್ನು ನೋಡಿ ಆರಿಸಬಾರದು. ಪ್ರಶ್ನೆಯು ಯಾವ ತಿಳಿವಳಿಕೆಯನ್ನು ಅಳೆಯಬೇಕೋ ಅದನ್ನು ನೋಡಿ ಆರಿಸಬೇಕು. ಬಹುಮಂದಿ ರಚನಕಾರರು ಇವೆರಡನ್ನೂ ನೋಡದೆ, ಹಿಂದಿನ ಪ್ರಶ್ನೆಯೊಂದನ್ನು ನಕಲುಮಾಡಿ ಅಂಕಗಳನ್ನು ಬದಲಾಯಿಸುವುದರಿಂದ, ಅದರ ಸಂದರ್ಭವೂ ಹೇಳದೆ ಕೇಳದೆ ಜೊತೆಗೆ ಬಂದುಬಿಡುತ್ತದೆ. ಗ್ರಂಥಸಂಪಾದನೆಯಲ್ಲಿ ಓಲೆಯಿಂದ ಓಲೆಗೆ ಅಪಪಾಠಗಳು ಇಳಿದು ಬಂದ ಹಾಗೆಯೇ ಇದು. ವೆಬ್‌ವರ್ಕಿನ ಸಾರ್ವಜನಿಕ ಭಂಡಾರದಲ್ಲಿ ಪ್ರಶ್ನೆಗಳು ಹತ್ತಾರು ಸಾವಿರಗಳಷ್ಟಿವೆಯೆಂಬುದನ್ನು ನೆನೆದರೆ ಈ ಇಳಿವಳಿಯ ವ್ಯಾಪ್ತಿ ಊಹೆಗೆ ಬರುತ್ತದೆ.

ಇನ್ನೊಂದು ವಿವಾದವನ್ನು ಇಲ್ಲಿಯೇ ಹೇಳಬೇಕು. ಉತ್ತರವು ಅಂತರಾಳವಾಗಿರಬೇಕಾದಲ್ಲಿ ವಿದ್ಯಾರ್ಥಿಯು ಒಂದು ಸಂಖ್ಯೆಯನ್ನು ಬರೆದರೆ, ನೀನು ಬರೆದುದು ಅಂತರಾಳವಲ್ಲ ಎಂದು ತಂತ್ರಾಂಶವು ತಿಳಿಸುತ್ತದೆ. ಈ ತಿಳಿವು ಬೇಡವಾದರೆ ಅದನ್ನು ನಿಲ್ಲಿಸುವುದಕ್ಕೂ ಅವಕಾಶವಿದೆ. ನಿಲ್ಲಿಸಬೇಕೆನ್ನುವವರ ವಾದವೇನೆಂದರೆ, ಉತ್ತರ ಯಾವ ಜಾತಿಯದೆಂಬುದನ್ನು ಕಂಡುಕೊಳ್ಳುವುದೂ ಪರೀಕ್ಷೆಯ ಒಂದು ಭಾಗ. ಅದನ್ನು ಯಂತ್ರವೇ ಪಿಸುಗುಟ್ಟಿದರೆ ಪರೀಕ್ಷೆಯೆಲ್ಲಿ ಉಳಿಯಿತು, ಎಂದು. ಪರೀಕ್ಷೆಯ ಮಂಟಪದಲ್ಲಿ ಈ ವಾದಕ್ಕೆ ಬೆಲೆಯುಂಟು. ಮನೆಯ ಅಭ್ಯಾಸಕ್ಕೆ ಅದು ಒಪ್ಪತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ಕುಳಿತಿರುವ ವಿದ್ಯಾರ್ಥಿಗೆ ಕೇಳುವುದಕ್ಕೆ ಬೇರೆ ಯಾರೂ ಇಲ್ಲ. ಲೆಕ್ಕವನ್ನು ಸರಿಯಾಗಿ ಮಾಡಿ, ದುಂಡು ಆವರಣಕ್ಕೆ ಬದಲಾಗಿ ಕೋನದ ಆವರಣವನ್ನು ಬರೆದವನಿಗೆ ಬರಿಯ ‘ತಪ್ಪು’ ಎಂಬ ಮಾತು ಬಂದರೆ, ಅವನು ಆವರಣವನ್ನು ಸಂಶಯಿಸುವುದಿಲ್ಲ. ತನ್ನ ಲೆಕ್ಕವನ್ನು ಸಂಶಯಿಸುತ್ತಾನೆ. ಸರಿಯಾಗಿದ್ದುದನ್ನು ಅಳಿಸಿ ತಪ್ಪನ್ನು ಬರೆಯುತ್ತಾನೆ. ಹತ್ತು ಸಲ ಹೀಗಾದಮೇಲೆ ಗಣಿತವೆಂದರೆ ಯಂತ್ರದ ಮರ್ಜಿಯೆಂದು ತಿಳಿದು ಕೈಬಿಡುತ್ತಾನೆ. ಅಂಕ ಹೋದರೆ ಮರುದಿನ ಅಧ್ಯಾಪಕರು ತಿದ್ದಿಕೊಡಬಹುದು. ಹೀಗೆ ಹೋದ ನಂಬಿಕೆಯನ್ನು ತಿದ್ದಿಕೊಡುವುದು ಕಷ್ಟ. ಉತ್ತರವನ್ನು ಒಪ್ಪಿಸುವುದಕ್ಕೆ ಮೊದಲು, ತಾನು ಅದನ್ನು ಹೇಗೆ ಓದಿಕೊಂಡೆನೆಂಬುದನ್ನು ಯಂತ್ರವೇ ಅಚ್ಚಿನ ರೂಪದಲ್ಲಿ ತೋರಿಸುವ ಒಂದು ಗುಂಡಿ ವೆಬ್‌ವರ್ಕಿನಲ್ಲಿದೆ. ಮೇಲೆ ಹೇಳಿದ 1/2ಯ ಎಂಬಂಥ ಸಂಶಯಗಳೆಲ್ಲ ಅಲ್ಲಿ ಬಯಲಿಗೆ ಬರುತ್ತವೆ. ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸಬೇಕಾದ ಗುಂಡಿ ಅದು.

ಅಲ್ಪವಿರಾಮದ ವಿಷಯವಾಗಿ ನಮ್ಮ ದೇಶದ ಅಧ್ಯಾಪಕರು ವಿಶೇಷವಾಗಿ ಎಚ್ಚರದಿಂದಿರಬೇಕು. ಸಾಮಾನ್ಯ ಸಂದರ್ಭದಲ್ಲಿ ಅಲ್ಪವಿರಾಮವು ಉತ್ತರಗಳನ್ನು ಒಂದರಿಂದೊಂದು ಬೇರ್ಪಡಿಸುವ ಚಿಹ್ನೆ. ಅಲ್ಲಿ 1,234 ಎಂದು ಬರೆದರೆ ಒಂದು, ಇನ್ನೂರ ಮೂವತ್ತನಾಲ್ಕು ಎಂಬ ಎರಡು ಉತ್ತರಗಳಾಗುತ್ತವೆ. ಹಣದ ಲೆಕ್ಕಗಳಿಗಾಗಿ ಇರುವ ಸಂದರ್ಭದಲ್ಲಿ ಅದೇ ಅಲ್ಪವಿರಾಮವು ಸಾವಿರದ ಸ್ಥಾನವನ್ನು ತೋರಿಸುತ್ತದೆ. ಯೂರೋಪಿನ ಹಲವು ದೇಶಗಳಲ್ಲಿ ದಶಮಾಂಶವನ್ನೇ ಅಲ್ಪವಿರಾಮದಿಂದ ಬರೆಯುವರು. ನಾವಾದರೋ ಲಕ್ಷವನ್ನು 1,00,000 ಎಂದು ಬರೆಯುತ್ತೇವೆ. ಮೂರು ಮೂರು ಅಂಕಗಳ ಗುಂಪನ್ನು ಮಾತ್ರ ಬಲ್ಲ ನಿಯಮಕ್ಕೆ ಇದು ಅಶುದ್ಧವಾಗಿ ಕಾಣುವುದು ಸಹಜ. ಕೋನಗಳ ಮಾತೂ ಹೀಗೆಯೇ. ತ್ರಿಕೋನಮಿತಿಯ ಫಲನಗಳನ್ನು ಯಂತ್ರವು ಡಿಗ್ರಿಗಳಲ್ಲಿ ತಿಳಿಯದೆ ರೇಡಿಯನ್ ಎಂಬ ಮಾನದಲ್ಲಿ ತಿಳಿಯುವುದರಿಂದ, 30ರ ಸೈನ್ ಎಂದು ಬರೆದ ಪ್ರೌಢಶಾಲೆಯ ಹುಡುಗನಿಗೆ ಅರ್ಧವು ದೊರೆಯದೆ −0.988 ದೊರೆಯುತ್ತದೆ.

ಒಂದೇ ಪ್ರಶ್ನೆಯಲ್ಲಿ ಎರಡು ಸಂದರ್ಭಗಳು ಬೇಕಾಗುವುದೂ ಉಂಟು. ಮೊದಲ ಭಾಗದಲ್ಲಿ ಬಿಂದುವನ್ನೂ ಎರಡನೆಯ ಭಾಗದಲ್ಲಿ ಅಂತರಾಳವನ್ನೂ ಕೇಳಬಹುದು. ಇದಕ್ಕೆ ವೆಬ್‌ವರ್ಕಿನಲ್ಲಿರುವ ಪರಿಹಾರ ಮೆಚ್ಚತಕ್ಕದ್ದು. ವಿದ್ಯಾರ್ಥಿಯ ಬರಹವನ್ನು, ಆ ಭಾಗದ ಸರಿಯಾದ ಉತ್ತರವು ಯಾವ ಸಂದರ್ಭದಲ್ಲಿ ನಿರ್ಮಿತವಾಯಿತೋ ಆ ಸಂದರ್ಭದಲ್ಲಿಯೇ ಓದಲಾಗುತ್ತದೆ. ಪ್ರತಿಯೊಂದು ಉತ್ತರವೂ ತನ್ನ ಪ್ರಕರಣವನ್ನು ತಾನೇ ಹೊತ್ತುಕೊಂಡಿರುತ್ತದೆ. ಎಲ್ಲ ಬಗೆಯ ವಸ್ತುಗಳಿಗೂ ಎಡೆಗೊಡುವ ಒಂದು ಸರ್ವಸಂದರ್ಭವನ್ನು ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ದುಂಡು ಆವರಣವನ್ನು ಬಿಂದುವಿಗೆ ಕೊಟ್ಟಮೇಲೆ ಅಂತರಾಳಕ್ಕೆ ಬೇರೆ ಏನನ್ನು ಕೊಡುವುದು? ಎಲ್ಲ ಅರ್ಥಗಳೂ ಇರುವ ನಿಘಂಟು ಉಪ್ಪನ್ನು ತರಬೇಕೋ ಕುದುರೆಯನ್ನು ತರಬೇಕೋ ಎಂಬುದನ್ನು ಹೇಳಲಾರದು.

ಮಹಾವೀರಾಚಾರ್ಯನಿಗೆ ಮೇಲೆ ಸೊನ್ನೆ ಕೊಟ್ಟುದರಿಂದ ಅವನ ಪಕ್ಷವಾಗಿಯೂ ಒಂದು ಮಾತನ್ನು ಹೇಳಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಎಂದರೆ ಕವಿರಾಜಮಾರ್ಗವು ಹುಟ್ಟಿದ ಕಾಲದಲ್ಲಿಯೇ, ಆತನು ಗಣಿತಸಾರಸಂಗ್ರಹವನ್ನು ರಚಿಸಿದನು. ಮದರಾಸಿನ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಋಣರಾಶಿಯು ಸ್ವಭಾವದಿಂದಲೇ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅದರಲ್ಲಿ ಆತನು ಮಾಡಿದ ನಿರ್ಣಯ. ಇಂದಿನ ಕಾಲೇಜಿನ ವಿದ್ಯಾರ್ಥಿಗೆ ಇದು ತಪ್ಪೆಂದು ತೋರಬಹುದು. −4ರ ವರ್ಗಮೂಲವೇನೆಂಬ ಪ್ರಶ್ನೆಯನ್ನು ಸಂಕೀರ್ಣ ಸಂಖ್ಯೆಯ ಸಂದರ್ಭದಲ್ಲಿ ಇಟ್ಟರೆ ಹಿಂದೆ ಹೇಳಿದ ‘ಐ’ ಎಂಬುದರ ಎರಡರಷ್ಟೆಂಬುದು ಸಲ್ಲತಕ್ಕ ಉತ್ತರ. ಅದೇ ಪ್ರಶ್ನೆಯನ್ನು ಸಾಂಖ್ಯಿಕ ಸಂದರ್ಭದಲ್ಲಿ ಇಟ್ಟರೆ ಮಹಾವೀರನ ಉತ್ತರವೇ ಸರಿ. ಉತ್ತರವಿಲ್ಲ ಎಂದು ಬರೆಯುವುದಕ್ಕೆ ಬೇಕಾದ ಒಂದೆರಡು ಇಂಗ್ಲಿಷ್ ಪದಗಳನ್ನು ಆ ಸಂದರ್ಭದ ಕೋಶದಲ್ಲಿ ಮೊದಲೇ ಸೇರಿಸಿಟ್ಟಿರುವರು. ಆತನು ಅವುಗಳಲ್ಲೊಂದನ್ನು ಬರೆದರೆ ಪೂರ್ಣಾಂಕವನ್ನು ಪಡೆಯುವನು. ಆದರೆ ವಿದ್ಯಾರ್ಥಿಯ ಮುಂದಿರುವ ತೆರೆಯಮೇಲೆ ಸಂದರ್ಭದ ಹೆಸರು ಕಾಣುವುದಿಲ್ಲ. ಪ್ರಶ್ನೆಯ ವಾಕ್ಯ ಮಾತ್ರ ಕಾಣುತ್ತದೆ. ಪ್ರಶ್ನೆಯನ್ನು ರಚಿಸುವವನು ಯಂತ್ರಕ್ಕೆ ಸಂದರ್ಭವನ್ನು ಹೇಳಿದಂತೆ, ಆ ವಾಕ್ಯದ ಮೊದಲಿಗೆ ‘ವಾಸ್ತವ ಸಂಖ್ಯೆಗಳಲ್ಲಿ’ ಎಂದೋ ‘ಸಂಕೀರ್ಣ ಸಂಖ್ಯೆಗಳಲ್ಲಿ’ ಎಂದೋ ಎರಡು ಪದಗಳನ್ನು ವಿದ್ಯಾರ್ಥಿಗಾಗಿಯೂ ಸೇರಿಸಬೇಕಾಗುತ್ತದೆ.